ಪೆಡಲಿನ ಮೇಲೆ ಬರಿಗಾಲು

ಬೇರೆಯವರ ಕಾರಿನಲ್ಲಿ ಕೂರುವ ಮೊದಲು ಅವರು ಚಪ್ಪಲಿ ಕಳಚುತ್ತಿದ್ದರು. ಕಾಪುವಿನಲ್ಲಿ ಹೆದ್ದಾರಿಯ ಬದಿಗೆ ಅವರ ಗ್ಯಾರೇಜು. ಅದರ ಎದುರು ನೀಲಿ ಪಟ್ಟಿಯ ರಬ್ಬರ್ ಚಪ್ಪಲಿ ಮಾತ್ರ ಕಂಡು ಅವರು ಕಾಣದಿದ್ದರೆ, ಯಾರದೋ ಕಾರು ತೆಗೆದುಕೊಂಡು ಪಡುಬಿದ್ರಿ ಕಡೆಗೆ ಹೋಗಿದ್ದಾರೆ ಎಂದು ತಿಳಿದು ಹತ್ತು ನಿಮಿಷ ಕಾಯಬೇಕಿತ್ತು. ಮೊದಲ ಸಲ ನೋಡಿದಾಗ ನಾನದನ್ನು ಭಕ್ತಿ ಎಂದುಕೊಂಡೆ. ಬಾನೆಟ್ಟಿಗೆ ಕುಂಕುಮ ಹಚ್ಚಿ ಟಯರಿನಡಿ ನಿಂಬೆಹಣ್ಣು ಇಡುವ ಊರಿನಲ್ಲಿ ಇದೂ ಒಂದಿರಲಿ ಎಂದು ಒಳಗೊಳಗೇ ನಕ್ಕೆ. ಭಕ್ತಿ ಅಲ್ಲವೆಂದು ಗೊತ್ತಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಬ್ರೇಕಿನ ರೋಗವನ್ನು ಅವರು ಅಂಗಾಲಿನಿಂದ ಹಿಡಿಯುತ್ತಿದ್ದರು.

ಪಟ್ಟಿ ನೀಲಿ ಎಂದು ಬರೆದೆ. ನೀಲಿಯೇ ಹೌದೋ ಎಂದು ಈಗ ಅನುಮಾನ. ರಬ್ಬರ್ ಚಪ್ಪಲಿ ಎಂದ ಕೂಡಲೇ ಕೈ ತಾನಾಗಿ ನೀಲಿ ಎಂದು ಬರೆದಿರಬಹುದು. ನಾನು ಮಣಿಪಾಲದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುವವ. ನೆನಪನ್ನು ಸಾಕ್ಷಿ ಎಂದು ಒಪ್ಪಬೇಡಿ ಎಂದು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುತ್ತೇನೆ. ಈಗ ಒಬ್ಬ ಮನುಷ್ಯನ ಬಗ್ಗೆ ನೆನಪಿನಿಂದಲೇ ಬರೆಯಲು ಕುಳಿತಿದ್ದೇನೆ. ಅವರು ತೀರಿಕೊಂಡು ವರ್ಷವಾಯಿತು. ಹೆಸರು ಬರೆಯುವುದಿಲ್ಲ. ಬರೆಯಲು ಮಗಳ ಅನುಮತಿ ಕೇಳಬೇಕು, ಕೇಳುವ ಮುಖ ನನಗಿಲ್ಲ. ನನಗೆ ಗೊತ್ತಿದ್ದ ಒಂದು ಸಂಗತಿಯನ್ನು ನಾನು ಅವರಿಗೆ ಸಮಯಕ್ಕೆ ಹೇಳಲಿಲ್ಲ. ಹೇಳಿದ್ದರೆ ಅವರ ಕಾಲು ಉಳಿಯುತ್ತಿತ್ತೋ ಇಲ್ಲವೋ ಯಾರೂ ಖಚಿತವಾಗಿ ಹೇಳಲಾರರು. ಆ ಖಚಿತವಿಲ್ಲದ ಜಾಗದಲ್ಲೇ ನಾನು ಸಿಕ್ಕಿಹಾಕಿಕೊಂಡಿದ್ದೇನೆ.

ನನ್ನ ಹೆಂಡತಿಯ ತವರು ಪಡುಬಿದ್ರಿ. ಆಗ ಹೆಚ್ಚುಕಡಿಮೆ ಪ್ರತಿ ಭಾನುವಾರ ಹೋಗಿ ಬರುತ್ತಿದ್ದೆವು. ಉಡುಪಿ ದಾಟಿ ಹೆದ್ದಾರಿಗೆ ಬಿದ್ದು ವೇಗ ಹಿಡಿದ ಮೇಲೆ ಬ್ರೇಕು ಒತ್ತಿದರೆ ಕಾರು ಇಡೀ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ನಿಧಾನ ಹೋಗುವಾಗ ಏನೂ ಇಲ್ಲ. ಬ್ರೇಕು ಬಿಟ್ಟರೆ ಏನೂ ಇಲ್ಲ. ಎಂಬತ್ತು ದಾಟಿ ಕಾಲು ಇಟ್ಟಿರೋ, ಸ್ಟಿಯರಿಂಗ್ ಕೈಯಲ್ಲಿ ಕುಣಿಯುತ್ತಿತ್ತು. ಕಟಪಾಡಿ ಜಂಕ್ಷನ್ನಿನಲ್ಲಿ ಎದುರಿಗೆ ಬಸ್ಸೊಂದು ಅಡ್ಡ ಬಂದಾಗ ಹೆಂಡತಿ ಡ್ಯಾಶ್‌ಬೋರ್ಡಿಗೆ ಎರಡೂ ಕೈ ಕೊಟ್ಟು, ಇನ್ನು ಮುಂದೆ ನಾನು ಬಸ್ಸಿನಲ್ಲೇ ಬರುತ್ತೇನೆ, ನೀವು ಬೇಕಾದರೆ ಇದರಲ್ಲಿ ಬನ್ನಿ ಎಂದಳು. ಕಾರು ಕೊಂಡ ಕಡೆ ಮುಂದಿನ ಎರಡೂ ಚಕ್ರದ ಬ್ರೇಕಿನ ಡಿಸ್ಕ್ ಬದಲಿಸಿದರು. ನಡುಕ ಹೋಯಿತು, ನಾಲ್ಕು ತಿಂಗಳಿಗೆ ವಾಪಸು ಬಂತು. ಮತ್ತೆ ಬದಲಿಸಿದರು. ಮತ್ತೆ ಬಂತು. ಡಿಸ್ಕ್ ಬಿಸಿಗೆ ಬೆಂಡ್ ಆಗ್ತದೆ ಸರ್, ನೀವು ಬ್ರೇಕು ಜಾಸ್ತಿ ಹಿಡಿಯುತ್ತೀರಿ ಎಂದು ಅಲ್ಲಿಯವರು ನನ್ನನ್ನೇ ಅಪರಾಧಿ ಮಾಡಿದರು. ಕಾಪುವಿನಲ್ಲಿ ಒಬ್ಬರಿದ್ದಾರೆ, ಬ್ರೇಕು ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂದು ಹೇಳಿದ್ದು ಒಬ್ಬ ಟ್ಯಾಕ್ಸಿಯವ.

ಆಗ ಅವರಿಗೆ ಐವತ್ತೈದರ ಆಚೆ ವಯಸ್ಸು. ಕುಳ್ಳಗೆ, ಗಟ್ಟಿಮುಟ್ಟು, ಕುತ್ತಿಗೆಯಲ್ಲಿ ಸದಾ ಕೈ ಒರೆಸುವ ಒಂದು ಬೈರಾಸು. ನಾನು ಇಡೀ ಕಥೆ ಹೇಳಲು ಹೊರಟರೆ ಕೈ ಅಡ್ಡ ಹಿಡಿದರು.

‘ಎಷ್ಟು ಸಲ ಡಿಸ್ಕ್ ಬದಲಿಸಿದ್ರು?’

‘ಎರಡು ಸಲ.’

‘ಹಬ್ಬು ತೊಳೆದಿದ್ರಾ?’

ಗೊತ್ತಿಲ್ಲ ಎಂದೆ.

‘ಗೊತ್ತಿಲ್ಲ ಅಂದ್ರೆ ತೊಳೆದಿಲ್ಲ. ಮನೆ ಸೋರ್ತದೆ ಅಂತ ಬಾಡಿಗೆಯವರನ್ನು ಬದಲಿಸಿದ ಹಾಗೆ ಆಯ್ತು ಮಾರಾಯ್ರೆ.’

ಆಮೇಲೆ ಚಪ್ಪಲಿ ಕಳಚಿ ಕಾರಿನೊಳಗೆ ಕೂತರು. ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಖಾಲಿ ರಸ್ತೆ ಸಿಕ್ಕಿದ ಕಡೆ ತೊಂಬತ್ತಕ್ಕೆ ಏರಿಸಿ, ಹಿಂದೆ ಯಾರೂ ಇಲ್ಲವೆಂದು ಕನ್ನಡಿಯಲ್ಲಿ ಎರಡು ಸಲ ನೋಡಿಕೊಂಡು, ಬ್ರೇಕಿನ ಮೇಲೆ ಅಂಗಾಲು ಇಟ್ಟರು. ಸ್ಟಿಯರಿಂಗನ್ನು ಎರಡು ಬೆರಳಲ್ಲಿ, ಬಿಸಿ ಪಾತ್ರೆ ಹಿಡಿದ ಹಾಗೆ ಹಿಡಿದಿದ್ದರು. ಸ್ಟಿಯರಿಂಗ್ ಎಲ್ಲದಕ್ಕೂ ನಡುಗ್ತದೆ, ಅದರ ಮಾತು ಕೇಳಬಾರದು, ಪೆಡಲ್ ಮಾತ್ರ ಸುಳ್ಳು ಹೇಳುವುದಿಲ್ಲ ಎಂದರು. ಹೀಗೆ ಐದಾರು ಸಲ. ಒಮ್ಮೆ ಗಟ್ಟಿಯಾಗಿ, ಒಮ್ಮೆ ಹೆಬ್ಬೆರಳಿನ ಬುಡ ಮಾತ್ರ ತಾಗಿಸಿ. ವಾಪಸು ಬಂದು ಇಳಿದು ಎದುರಿಗೆ ಹೋಗಿ ಬಾನೆಟ್ಟಿನ ಬಲಬದಿಗೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿದರು. ಬಾಗಿಲು ಬಡಿದ ಹಾಗೆ. ಬಲ ಚಕ್ರ ಎಂದು ಅದರ ಅರ್ಥ.

ಬಲ ಚಕ್ರ ಬಿಚ್ಚಿ ಡಿಸ್ಕ್ ತೆಗೆದು, ಅದು ಕೂರುವ ಹಬ್ಬಿನ ಮುಖವನ್ನು ನನಗೆ ತೋರಿಸಿದರು. ತುಕ್ಕು ಅಲ್ಲಲ್ಲಿ ಅಕ್ಕಿ ನುಚ್ಚಿನ ಹಾಗೆ ಎದ್ದಿತ್ತು. ಡಿಸ್ಕ್ ಬೆಂಡ್ ಆಗುವುದಿಲ್ಲ, ಅದೆಲ್ಲ ಬಿಲ್ಲು ಬರೆಯುವವರ ಮಾತು ಎಂದರು. ಹಬ್ಬಿನ ಮೇಲಿನ ಒಂದು ಕಣ ತುಕ್ಕಿಗೆ ಡಿಸ್ಕ್ ಕೂದಲೆಳೆಯಷ್ಟು ಓರೆ ಕೂರುತ್ತದೆ. ಓರೆ ಕೂತದ್ದು ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ, ಅದನ್ನು ಒತ್ತಿ ಹಿಡಿಯುವ ಪ್ಯಾಡಿಗೆ ಉಜ್ಜುತ್ತದೆ. ಸಾವಿರಾರು ಕಿಲೋಮೀಟರು ಉಜ್ಜಿ ಉಜ್ಜಿ ಆ ಜಾಗ ತೆಳುವಾಗುತ್ತದೆ. ದಪ್ಪ ತೆಳು, ದಪ್ಪ ತೆಳು ಎಂದು ಪ್ಯಾಡಿನ ಕೆಳಗೆ ತಿರುಗಿದರೆ ಪೆಡಲು ನಡುಗದೆ ಎಂತ ಮಾಡಬೇಕು? ಹೊಸ ಡಿಸ್ಕ್ ಹಾಕಿದರೆ ಅದೂ ಅದೇ ತುಕ್ಕಿನ ಮೇಲೆ ಕೂರುತ್ತದೆ. ಇಷ್ಟನ್ನು ಅವರು ತಂತಿಬ್ರಷ್ಷಿನಲ್ಲಿ ಹಬ್ಬು ತಿಕ್ಕುತ್ತಾ ಹೇಳಿದರು. ತುಕ್ಕು ಎಲ್ಲಿಂದ ಎಂದು ಕೇಳಿದ್ದಕ್ಕೆ ಹೆದ್ದಾರಿಯಲ್ಲಿ ಹೋಗುತ್ತಿದ್ದ ಮೀನಿನ ಲಾರಿಯ ಕಡೆ ಗದ್ದ ಎತ್ತಿ ತೋರಿಸಿದರು. ಲಾರಿಯಿಂದ ಐಸು ಕರಗಿದ ಉಪ್ಪುನೀರು ರಸ್ತೆಗೆ ಸುರಿಯುತ್ತಿತ್ತು. ‘ಆಸೆಗೆ ಅದರ ಹಿಂದೆ ಹೋಗ್ಬೇಡಿ. ಮೀನು ಮಾರ್ಕೆಟ್ಟಿನಲ್ಲಿ ಸಿಗ್ತದೆ.’

ಡಿಸ್ಕನ್ನು ಉಡುಪಿಯ ಲೇತಿಗೆ ಕಳಿಸಿ ಸಮ ಮಾಡಿಸಿ ತಂದು ಹಾಕಿದರು. ಚಕ್ರದ ನಟ್ಟುಗಳನ್ನು ಗಾಳಿ ಗನ್ನಿನಲ್ಲಿ ಗುರ್ ಎನಿಸುವುದು ಅವರಲ್ಲಿ ಇರಲಿಲ್ಲ. ಕೈಯಲ್ಲೇ, ಒಂದಕ್ಕೊಂದು ಎದುರುಬದುರು, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದರು. ಆ ಮೇಲೆ ವರ್ಷಗಟ್ಟಲೆ ನನ್ನ ಕಾರು ನಡುಗಲಿಲ್ಲ. ಹೆಂಡತಿ ಬಸ್ಸಿನ ಮಾತು ಬಿಟ್ಟಳು.

ಅವರು ಹುಟ್ಟಿದ್ದು ಮೀನುಗಾರರ ಮನೆಯಲ್ಲಿ. ಇಪ್ಪತ್ತು ವರ್ಷ ಮಲ್ಪೆಯ ಬೋಟುಗಳಲ್ಲಿ ಇಂಜಿನ್ ನೋಡಿಕೊಂಡವರು. ಬೋಟಿನಲ್ಲಿ ಯಾರೂ ಚಪ್ಪಲಿ ಹಾಕುವುದಿಲ್ಲವಂತೆ. ಮಲಗಿದ್ದಾಗಲೂ ಹಲಗೆಯ ಮೂಲಕ ಇಂಜಿನ್ನಿನ ಬಡಿತ ಅಂಗಾಲಿಗೆ ಬರುತ್ತಿತ್ತು, ಬಡಿತ ಒಂದು ಚೂರು ತಪ್ಪಿದರೆ ಎಚ್ಚರವಾಗುತ್ತಿತ್ತು ಎನ್ನುತ್ತಿದ್ದರು. ಸೊಂಟ ನೋವು ಶುರುವಾದ ಮೇಲೆ ದಡಕ್ಕೆ ಬಂದು ಗ್ಯಾರೇಜು ಹಾಕಿದರು. ಅವರ ಹೆಂಡತಿ ಮೊದಲೇ ತೀರಿಹೋಗಿದ್ದರು. ಒಬ್ಬಳೇ ಮಗಳು, ಘಟ್ಟದ ಬುಡದ ಅಜೆಕಾರಿಗೆ ಮದುವೆಯಾಗಿ ಅಲ್ಲಿ ಅಂಗನವಾಡಿ ಟೀಚರ್. ಅವರು ಕೆಲಸಕ್ಕೆ ಯಾರನ್ನೂ ಇಟ್ಟುಕೊಳ್ಳಲಿಲ್ಲ. ಕೈಕೆಲಸ ಕಲಿಸಬಹುದು, ಕಾಲಿನದ್ದು ಕಲಿಸುವುದು ಹೇಗೆ ಎಂದು ಕೇಳುತ್ತಿದ್ದರು.

ನನ್ನ ಜತೆ ಅವರು ಕನ್ನಡದಲ್ಲೇ ಮಾತಾಡುತ್ತಿದ್ದರು. ನಾನು ಕಾರ್ಕಳದವ, ತುಳು ಚೆನ್ನಾಗಿ ಬರುತ್ತದೆ ಎಂದು ಗೊತ್ತಾದ ಮೇಲೂ ಬಿಡಲಿಲ್ಲ. ಮಾಷ್ಟ್ರ ಹತ್ತಿರ ಯಾವುದರಲ್ಲಿ ಶುರು ಮಾಡಿದ್ದೋ ಅದರಲ್ಲೇ ಮುಗಿಸಬೇಕು ಎಂದರು. ಪಕ್ಕದ ಹೋಟೆಲಿನಿಂದ ಅವರಿಗೆ ಸಕ್ಕರೆ ಇಲ್ಲದ ಚಹಾ ಬರುತ್ತಿತ್ತು. ಹತ್ತು ವರ್ಷದಿಂದ ಶುಗರ್. ಮಾತ್ರೆಯ ಡಬ್ಬಿಯನ್ನು ಬ್ರೇಕ್ ಆಯಿಲಿನ ಡಬ್ಬಿಗಳ ಸಾಲಿನಲ್ಲೇ ಇಟ್ಟಿದ್ದರು. ವಿಮಾನ ನಿಲ್ದಾಣಕ್ಕೆ ಓಡುವ ಟ್ಯಾಕ್ಸಿಯವರನ್ನು ಕಂಡರೆ ಅವರಿಗೆ ಬೈಯದೆ ಆಗುತ್ತಿರಲಿಲ್ಲ. ನೂರರಲ್ಲಿ ಬಂದು ಟೋಲ್‌ಗೇಟಿನಲ್ಲಿ ಒಮ್ಮೆಲೇ ಬ್ರೇಕು ಹಾಕಿ, ಕಾಲು ಎತ್ತದೆ ಹಾಗೇ ನಿಲ್ಲುತ್ತೀರಿ. ಕೆಂಪಗೆ ಕಾದ ಡಿಸ್ಕಿಗೆ ಪ್ಯಾಡು ಅಂಟಿ ಅಚ್ಚು ಬೀಳುತ್ತದೆ. ದೋಸೆ ಕಾವಲಿಗೆ ಹಿಟ್ಟು ಹಿಡಿದ ಹಾಗೆ. ನಿಂತ ಮೇಲೆ ಕಾಲು ಸಡಿಲ ಬಿಡಿ, ಗಾಡಿ ಒಂದು ಅಂಗೈ ಮುಂದೆ ಹೋದರೆ ಟೋಲಿನವ ಎಂತ ಓಡಿ ಹೋಗುವುದಿಲ್ಲ ಎನ್ನುತ್ತಿದ್ದರು. ಟ್ಯಾಕ್ಸಿಯವರು ತಲೆ ಆಡಿಸಿ, ಮುಂದಿನ ತಿಂಗಳು ಅದೇ ಅಚ್ಚು ಹೊತ್ತು ಬರುತ್ತಿದ್ದರು.

ಇಷ್ಟೆಲ್ಲ ಕಂಡ ಮೇಲೂ ನನ್ನ ಅನುಮಾನ ಸುಮ್ಮನಿರಲಿಲ್ಲ. ಹಬ್ಬಿನ ತುಕ್ಕಿನ ಮಾತು ಒಪ್ಪಿದೆ, ಅದಕ್ಕೆ ಕಾರಣ ಇದೆ. ಅಂಗಾಲಿನಿಂದ ಎಡ ಬಲ ಹೇಳುವುದನ್ನು ಹೇಗೆ ಒಪ್ಪುವುದು? ಎರಡೇ ಸಾಧ್ಯತೆ ಇರುವಲ್ಲಿ ಕಣ್ಣು ಮುಚ್ಚಿ ಹೇಳಿದರೂ ಅರ್ಧ ಸಲ ಸರಿಯಾಗುತ್ತದೆ. ಹಾಗಾಗಿ ಒಂದು ಪರೀಕ್ಷೆ ಮಾಡಿದೆ. ಮೂವರು ಸಹೋದ್ಯೋಗಿಗಳ ಕಾರು ಕೇಳಿಕೊಂಡೆ. ಎರಡಕ್ಕೆ ನಡುಕ ಇತ್ತು, ಒಂದಕ್ಕೆ ಏನೂ ಇರಲಿಲ್ಲ. ಕಾಲೇಜಿನ ವರ್ಕ್‌ಶಾಪಿನಿಂದ ಮೈಕ್ರೋಮೀಟರ್ ತಂದು ಪ್ರತಿ ಡಿಸ್ಕಿನ ದಪ್ಪವನ್ನು ಎಂಟು ಕಡೆ ಅಳೆದು ಬರೆದಿಟ್ಟೆ. ಆಮೇಲೆ ಒಂದೊಂದು ವಾರ ಒಂದೊಂದು ಕಾರನ್ನು ಅವರ ಬಳಿ ತೆಗೆದುಕೊಂಡು ಹೋಗಿ, ಏನೋ ಇದೆಯಂತೆ ನೋಡಿ ಎಂದಷ್ಟೇ ಹೇಳಿದೆ. ಮೊದಲನೆಯದಕ್ಕೆ ಎಡಕ್ಕೆ ಕುಟ್ಟಿದರು. ಸರಿ. ಎರಡನೆಯದಕ್ಕೂ ಎಡ. ಸರಿ. ಮೂರನೆಯದನ್ನು ಓಡಿಸಿ ಬಂದು ಎಲ್ಲಿಗೂ ಕುಟ್ಟದೆ, ಇದರಲ್ಲಿ ಎಂತ ಉಂಟು ಮಾಷ್ಟ್ರೆ, ನಿಮಗೆ ಭಾನುವಾರ ಮನೆಯಲ್ಲಿ ಕೆಲಸ ಇಲ್ವಾ ಎಂದು ಕೇಳಿದರು.

ಈ ಕಥೆಯನ್ನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದ್ದೇನೆ ಎಂದರೆ ಈಗ ಅದರ ಮೇಲೆ ನನಗೇ ನಂಬಿಕೆ ಇಲ್ಲ. ಹಳೆಯ ಡೈರಿ ಹುಡುಕಿದೆ. ಎರಡು ಕಾರಿನ ಅಳತೆ ಇದೆ, ಮೂರನೆಯದರದ್ದು ಇಲ್ಲ. ಬರೆಯಲು ಮರೆತೆನೋ, ಇಲ್ಲ ಹೇಳುತ್ತಾ ಹೇಳುತ್ತಾ ಮೂರನೆಯ ಕಾರನ್ನು ನಾನೇ ಹುಟ್ಟಿಸಿದೆನೋ. ಆ ಸಹೋದ್ಯೋಗಿ ಊರು ಬಿಟ್ಟಿದ್ದಾರೆ.

ಪರೀಕ್ಷೆಯ ವಿಷಯ ಅವರಿಗೆ ಗೊತ್ತಾಗಿಬಿಟ್ಟಿತು. ಸಹೋದ್ಯೋಗಿಯೊಬ್ಬರು ಪ್ಯಾಡು ಹಾಕಿಸಲು ಹೋದಾಗ ಬಾಯಿಬಿಟ್ಟಿದ್ದರು. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ನಾನು ಮುಂದಿನ ಸಲ ಹೋದಾಗ ಬೈರಾಸಿನಲ್ಲಿ ಕೈ ಒರೆಸಿಕೊಳ್ಳುತ್ತಾ, ‘ಪರೀಕ್ಷೆ ತೆಗೊಂಡ್ರಿ, ರಿಸಲ್ಟ್ ಹೇಳ್ಲಿಲ್ಲ. ಪಾಸಾ, ಫೇಲಾ?’ ಎಂದರು.

‘ಪಾಸ್’ ಎಂದೆ.

ಮೂರು ಕಾರಿನಿಂದ ಏನೂ ಸಾಬೀತಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಯಾವ ಪರೀಕ್ಷೆಯ ಫಲಿತಾಂಶವೂ ಶಾಶ್ವತ ಅಲ್ಲ ಎಂದೂ ಗೊತ್ತಿತ್ತು. ಗ್ಯಾರೇಜಿನಲ್ಲಿ ನಿಂತು ಅದನ್ನೆಲ್ಲ ವಿವರಿಸಲು ಆಗುತ್ತದೆಯೇ? ಅವರು ಅಷ್ಟು ಖುಷಿಪಟ್ಟದ್ದನ್ನು ನಾನು ನೋಡಿರಲಿಲ್ಲ. ಅಲ್ಲಿಂದ ಮೇಲೆ ಹೊಸ ಗಿರಾಕಿ ಯಾರಾದರೂ ಬರಿಗಾಲು ಕಂಡು ಮುಖ ಸಿಂಡರಿಸಿದರೆ, ಮಣಿಪಾಲದ ಮಾಷ್ಟ್ರು ಮೆಷಿನ್ ತಂದು ಪರೀಕ್ಷೆ ಮಾಡಿದ ಕಾಲು ಇದು ಎನ್ನುತ್ತಿದ್ದರಂತೆ.

ನನ್ನ ಕಾರು ಮತ್ತೆ ನಡುಗಲು ಶುರುವಾದದ್ದು ಅದಾಗಿ ನಾಲ್ಕೋ ಐದೋ ವರ್ಷಕ್ಕೆ. ಕಾಪುವಿಗೆ ಹೋದೆ. ಅವರು ಚಪ್ಪಲಿ ಕಳಚಿದರು, ಓಡಿಸಿದರು, ಬಲಕ್ಕೆ ಕುಟ್ಟಿದರು. ಎಂದಿನಂತೆ ಹಬ್ಬು ತಿಕ್ಕಿ, ಡಿಸ್ಕನ್ನು ಲೇತಿಗೆ ಕಳಿಸಿ ತಂದು ಹಾಕಿದರು. ಮತ್ತೆ ಓಡಿಸಿದರು. ನಾನು ಪಕ್ಕದಲ್ಲಿದ್ದೆ. ತೊಂಬತ್ತರಿಂದ ಬ್ರೇಕು ಒತ್ತಿದರು. ಕಾರು ನಡುಗಿತು.

‘ಹೋಯ್ತಲ್ಲ’ ಎಂದರು.

ನಾನು ಅವರ ಮುಖ ನೋಡಿದೆ. ತಮಾಷೆ ಇರಲಿಲ್ಲ. ಮತ್ತೊಮ್ಮೆ ಒತ್ತಿದರು, ಮತ್ತೆ ನಡುಗಿತು. ಅವರ ಬರಿಗಾಲು ಪೆಡಲಿನ ಮೇಲೆ ಹಾಯಾಗಿತ್ತು. ಸ್ಟಿಯರಿಂಗನ್ನು ಎರಡು ಬೆರಳಿನಲ್ಲಿ ಹಿಡಿದಿದ್ದರು, ಅದರ ಮಾತು ಕೇಳಬಾರದಲ್ಲ. ನಡುಗಿದ್ದು ನಿಜವೋ, ನಡುಕದ ನಿರೀಕ್ಷೆಯಲ್ಲಿದ್ದ ನನಗೆ ಹಾಗೆ ಅನ್ನಿಸಿತೋ ಎಂದು ನಾನು ನನ್ನನ್ನೇ ಪ್ರಶ್ನಿಸಿಕೊಂಡೆ. ಅನುಮಾನ ಪಡುವ ಅಭ್ಯಾಸ ಆ ದಿನ ನನಗೆ ಬಹಳ ಅನುಕೂಲಕ್ಕೆ ಬಂತು. ಹೌದು, ಹೋಯ್ತು ಎಂದೆ.

ಮನೆಗೆ ಬಂದು ನೋಡಿದರೆ ಡ್ರೈವರ್ ಸೀಟಿನ ಕೆಳಗಿನ ಮ್ಯಾಟಿನಲ್ಲಿ, ಪೆಡಲಿನ ಹತ್ತಿರ, ಒಂದು ಹೆಬ್ಬೆರಳಿನಷ್ಟು ರಕ್ತದ ಅಚ್ಚು. ಮರುದಿನ ಅದೇ ನೆವದಲ್ಲಿ ಕಾಪುವಿಗೆ ಹೋದೆ. ಕಾಲಿಗೆ ಏನಾದರೂ ಆಗಿದೆಯಾ ಎಂದು ಕೇಳಿದೆ. ಅವರು ಸ್ಟೂಲಿನ ಮೇಲೆ ಕೂತು ಅಂಗಾಲು ತಿರುಗಿಸಿ ನೋಡಿದರು. ಡಿಸ್ಕಿನ ಜತೆ ಲೇತಿನಿಂದ ಬಂದ ಕಬ್ಬಿಣದ ಸುರುಳಿ ಚೂರೊಂದು ಮಾಂಸದೊಳಗೆ ಹೊಕ್ಕಿತ್ತು. ಸುತ್ತ ಕೆಂಪೇರಿತ್ತು. ಅಂಗಿಯಿಂದ ನೂಲು ಕಿತ್ತ ಹಾಗೆ ಅದನ್ನು ಕಿತ್ತು ಎಸೆದರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ನೋವಾಗುವುದಿಲ್ಲವಾ ಎಂದೆ. ‘ಬೋಟಿನಲ್ಲಿ ಬೆಳೆದ ಕಾಲು ಮಾಷ್ಟ್ರೆ. ಇದು ಚರ್ಮ ಅಲ್ಲ, ಟಯರ್’ ಎಂದು ನಕ್ಕರು. ನಾನೂ ನಕ್ಕೆ.

ಶುಗರ್ ಇದ್ದವರ ಕಾಲಿನ ಸ್ಪರ್ಶ ನಿಧಾನವಾಗಿ ಹೋಗುತ್ತದೆ ಎಂದು ನಾನು ಓದಿದ್ದೆ. ಓದದವರಿಗೂ ಇದು ಗೊತ್ತಿರುತ್ತದೆ. ನನ್ನ ಬಳಿ ಎರಡು ವಿಷಯ ಇದ್ದವು. ಒಂದು, ನಡುಗುವ ಪೆಡಲು ಅವರಿಗೆ ತಿಳಿಯಲಿಲ್ಲ. ಎರಡು, ಚುಚ್ಚಿದ ಕಬ್ಬಿಣ ತಿಳಿಯಲಿಲ್ಲ. ಎರಡನ್ನೂ ಕೂಡಿಸಲು ಸಂಖ್ಯಾಶಾಸ್ತ್ರ ಬೇಕಿರಲಿಲ್ಲ. ನಿಮ್ಮ ಕಾಲು ಫೇಲ್ ಆಗಿದೆ ಎಂದು ಹೇಳಬೇಕಾದವ ನಾನೇ, ಏಕೆಂದರೆ ಪಾಸ್ ಎಂದವನೂ ನಾನೇ. ಡಾಕ್ಟರಿಗೆ ತೋರಿಸಿ ಎಂದು ಮಾತ್ರ ಹೇಳಿದೆ. ಮಳೆ ಬರ್ತದೆ ಕೊಡೆ ತೆಗೊಳ್ಳಿ ಎನ್ನುವ ಧ್ವನಿಯಲ್ಲಿ. ತೋರಿಸುವ ಎಂದರು. ಅಷ್ಟಕ್ಕೆ ಮುಗಿಯಿತು.

ಹೆಂಡತಿ ಮುಂದಿನ ಭಾನುವಾರ ಕಾರಿನಲ್ಲಿ ಕೂತವಳು ಕಟಪಾಡಿ ಬರುವ ಮೊದಲೇ, ಸರಿಯಾಗಿಲ್ಲವಲ್ಲ ಎಂದಳು. ಅವರಿಗೆ ಹೇಳಬಾರದಾ ಎಂದಳು. ಹೇಗೆ ಹೇಳುವುದು ಎಂದೆ. ನೀವು ಮಕ್ಕಳಿಗೆ ಫೇಲ್ ಅಂತ ಬರೆಯುವುದಿಲ್ಲವಾ, ಹಾಗೇ ಎಂದಳು. ನಾನು ಉಡುಪಿಯ ಬೇರೊಂದು ವರ್ಕ್‌ಶಾಪಿಗೆ ಕಾರು ಬಿಟ್ಟೆ. ಅಲ್ಲಿಯವರು ಏನೂ ಕೇಳಲಿಲ್ಲ, ಓಡಿಸಿ ನೋಡಲಿಲ್ಲ. ಮುಂದಿನ ಎರಡು ಡಿಸ್ಕ್, ನಾಲ್ಕು ಪ್ಯಾಡು ಹೊಸದು ಹಾಕಿ ಸಂಜೆಯೊಳಗೆ ಕೊಟ್ಟರು. ನಡುಕ ಹೋಯಿತು.

ತಿಂಗಳ ಮೇಲೆ ಪಡುಬಿದ್ರಿಯಿಂದ ಬರುವಾಗ ಕಾಪುವಿನಲ್ಲಿ ಅವರು ಕೈ ತೋರಿಸಿ ನಿಲ್ಲಿಸಿದರು. ಹೇಗುಂಟು ಕಾರು ಎಂದು ಕೇಳಿದರು. ಒಂದು ಚೂರೂ ನಡುಗುವುದಿಲ್ಲ ಎಂದೆ. ಸುಳ್ಳಲ್ಲ. ಅವರು ನನ್ನ ಹೆಂಡತಿಯ ಕಡೆ ಬಗ್ಗಿ, ನೋಡಿದ್ರಾ ಅಕ್ಕ, ಇನ್ನು ಮೂರು ವರ್ಷ ಚಿಂತೆ ಇಲ್ಲ ಎಂದರು. ಅವಳು ಸೆರಗು ಸರಿಮಾಡಿಕೊಂಡು ರಸ್ತೆ ನೋಡಿದಳು.

ಅವರ ಗಿರಾಕಿಗಳು ಕಡಿಮೆಯಾಗುತ್ತಾ ಬಂದದ್ದು ಆಮೇಲೆ. ಯಾರೂ ಜಗಳ ಮಾಡಲಿಲ್ಲ. ನಮ್ಮ ಕಡೆ ಜನ ದೊಡ್ಡವರ ಮುಖಕ್ಕೆ ಹೊಡೆದ ಹಾಗೆ ಹೇಳುವುದಿಲ್ಲ. ಹೋಯ್ತು ಎಂದು ಹೇಳಿ, ದುಡ್ಡು ಕೊಟ್ಟು, ಮುಂದಿನ ಸಲ ಬೇರೆ ಕಡೆ ಹೋಗುತ್ತಾರೆ. ಒಬ್ಬನಾದರೂ ಕೂಗಾಡಿದ್ದರೆ ಅವರು ತಮ್ಮ ಕಾಲನ್ನು ಒಮ್ಮೆ ತಿರುಗಿಸಿ ನೋಡಿಕೊಳ್ಳುತ್ತಿದ್ದರೋ ಏನೋ. ಮರ್ಯಾದಸ್ಥರೇ ತುಂಬಿದ್ದೆವು. ನಾನೂ ಕಾಪು ದಾಟುವಾಗ ಬಲಗಡೆಯ ಸಾಲಿಗೆ ಸರಿದು, ಎದುರಿನ ಲಾರಿಯನ್ನೇ ನೋಡುತ್ತಾ ಹೋಗುವುದನ್ನು ಕಲಿತೆ.

ಒಂದು ದಿನ ಗ್ಯಾರೇಜಿನ ಬಾಗಿಲು ಹಾಕಿತ್ತು. ಮುಂದಿನ ವಾರವೂ ಹಾಕಿತ್ತು. ಇಳಿದು ಹೋಟೆಲಿನಲ್ಲಿ ವಿಚಾರಿಸಿದೆ. ಗಾಯ ಮಾಗಲಿಲ್ಲ, ಕೊಳೆತು ಮೇಲೆ ಬಂತು, ಬಲಗಾಲು ಮೊಣಕಾಲಿನ ಕೆಳಗೆ ತೆಗೆದರು, ಅಜೆಕಾರಿನಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದರು.

ಹೋಗಲು ನನಗೆ ಎರಡು ತಿಂಗಳು ಬೇಕಾಯಿತು. ಮಣಿಪಾಲದಿಂದ ಹಿರಿಯಡ್ಕದ ಮೇಲೆ ಹೋಗುವ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ತಿದ್ದಿಕೊಳ್ಳುತ್ತಾ ಹೋದೆ. ನಿಮ್ಮ ಮನಸ್ಸು ನೋಯಿಸಲು ಆಗಲಿಲ್ಲ ಎನ್ನುವುದೋ, ನನಗೇ ಖಾತ್ರಿ ಇರಲಿಲ್ಲ ಎನ್ನುವುದೋ. ಎರಡನೆಯದು ಹೆಚ್ಚು ಗೌರವದ್ದು ಎನ್ನಿಸಿತು. ಒಳ್ಳೆಯ ವಾಕ್ಯಗಳಲ್ಲಿ ಅದನ್ನು ಸಿದ್ಧ ಮಾಡಿಕೊಂಡೆ.

ಅಂಗಳದಲ್ಲಿ ಮಗಳು ಸಿಕ್ಕಿದರು. ನಾನು ಯಾರೆಂದು ಹೇಳಿದಾಗ, ಓ ಮಣಿಪಾಲದ ಮಾಷ್ಟ್ರಾ ಎಂದು ಒಂದು ಕ್ಷಣ ನಿಂತರು. ಆಮೇಲೆ ಯಾವ ಕಹಿಯೂ ಇಲ್ಲದೆ, ಬಂದವರಿಗೆ ವಿಷಯ ತಿಳಿಸುವ ಹಾಗೆ ಹೇಳಿದರು. ‘ನಾನು ಎರಡು ವರ್ಷದಿಂದ ಹೇಳ್ತಿದ್ದೆ ಸರ್, ಕಾಲು ತೋರಿಸುವ ಅಪ್ಪ ಅಂತ. ಸ್ಪರ್ಶ ಇಲ್ಲದಿದ್ರೆ ಬ್ರೇಕಿನ ವೈಬ್ರೇಶನ್ ಹೇಗೆ ಗೊತ್ತಾಗ್ತದೆ ಅಂತ ಅವರು ನನ್ನನ್ನೇ ಕೇಳುವುದು. ಮಾಷ್ಟ್ರ ಕಾರನ್ನು ಮೊನ್ನೆ ಮಾಡಿ ಕೊಟ್ಟಿದ್ದೇನೆ, ಒಂದು ಚೂರೂ ನಡುಗುವುದಿಲ್ಲವಂತೆ, ಬೇಕಾದ್ರೆ ಅವರನ್ನೇ ಕೇಳು ಅಂತ.’

ಒಳಗೆ ಅವರು ಗೋಡೆಗೆ ಒರಗಿ ಮಂಚದ ಮೇಲೆ ಕೂತಿದ್ದರು. ಸೊಂಟದ ಕೆಳಗೆ ಹೊದಿಕೆ. ತೆಳ್ಳಗಾಗಿದ್ದರು. ನನ್ನನ್ನು ಕಂಡು ಖುಷಿಯಾದರು, ಇಲ್ಲಿ ಗಾಳಿಯಲ್ಲಿ ಉಪ್ಪೇ ಇಲ್ಲ ಮಾಷ್ಟ್ರೆ, ಯಾರ ಬ್ರೇಕೂ ಹಾಳಾಗುವುದಿಲ್ಲ, ಅಳಿಯನ ಬೈಕಿನ ಹಬ್ಬು ನೋಡಿದೆ, ಹೊಸ ಪಾತ್ರೆಯ ಹಾಗೆ ಉಂಟು ಎಂದರು. ಸ್ವಲ್ಪ ಹೊತ್ತು ಹಾಗೇ ಮಾತಾಡಿದೆವು. ಮಗಳು ಚಹಾ ಇಟ್ಟು ಹೋದ ಮೇಲೆ ಅವರು ಧ್ವನಿ ಇಳಿಸಿದರು.

‘ಕಡೇ ಸಲ ಮಾಡಿದೆನಲ್ಲ ನಿಮ್ಮ ಕಾರು. ಅದು ನಡುಗ್ತಿತ್ತಾ?’

ನಾನು ಲೋಟ ಕೆಳಗಿಟ್ಟೆ. ‘ನಡುಗುತ್ತಿತ್ತು.’

ಅವರು ತಲೆಯಾಡಿಸಿದರು. ಇನ್ನು ಬರುವ ಪ್ರಶ್ನೆಗೆ ನಾನು ಮನಸ್ಸಿನಲ್ಲೇ ಸಿದ್ಧನಾದೆ.

‘ಎಡದ್ದಾ, ಬಲದ್ದಾ?’ ಎಂದರು.

ನನಗೆ ಗೊತ್ತಿರಲಿಲ್ಲ. ಬೇರೆ ಕಡೆ ಎರಡೂ ಬದಲಿಸಿದರು ಎಂದೆ. ಎರಡೂವಾ ಎಂದು ಕೇಳಿದರು. ಅವರಿಗೆ ನಿಜಕ್ಕೂ ನೋವಾದದ್ದು ಆಗ ಎಂದು ನನಗೆ ಅನ್ನಿಸಿತು. ಆದರೂ ಬಿಡಲಿಲ್ಲ. ಕಣ್ಣು ಮುಚ್ಚಿಕೊಂಡು ಒಂದೊಂದಾಗಿ ಕೇಳುತ್ತಾ ಹೋದರು. ಸ್ಟಿಯರಿಂಗ್ ಕುಣಿಯಿತಾ, ಸೀಟು ನಡುಗಿತಾ? ವೇಗ ಇಳಿಯುತ್ತಾ ನಡುಕ ಜಾಸ್ತಿ ಆಯ್ತಾ, ಕಡಿಮೆ ಆಯ್ತಾ? ಅಕ್ಕ ಕೂತ ಬದಿಗೆ ಜಾಸ್ತಿ ಇತ್ತಾ? ಕಾರು ಯಾವ ಬದಿಗಾದರೂ ಎಳೆಯುತ್ತಿತ್ತಾ? ಅವರು ಎರಡೂ ಅಂಗೈಯನ್ನು ಹೊದಿಕೆಯ ಮೇಲೆ ಚಪ್ಪಟೆ ಇಟ್ಟುಕೊಂಡಿದ್ದರು. ನಾನು ಪ್ರತಿಯೊಂದಕ್ಕೂ ನೆನಪಿಲ್ಲ ಎಂದೆ. ನಿಜವಾಗಿಯೂ ನೆನಪಿರಲಿಲ್ಲ. ಆ ಹೊತ್ತಿನಲ್ಲಿ ನಾನು ಅವರ ಮುಖವನ್ನು ಮಾತ್ರ ನೋಡಿದ್ದೆ.

‘ಬಿಚ್ಚಿದ ಡಿಸ್ಕ್ ಎಲ್ಲಿ?’

‘ಅಲ್ಲೇ ಬಿಟ್ಟೆ. ಗುಜರಿಗೆ ಹೋಗಿರಬೇಕು.’

‘ತಂದಿದ್ರೆ ಕೈಯಲ್ಲಿ ಹಿಡಿದು ಹೇಳ್ತಿದ್ದೆ’ ಎಂದರು. ‘ನಾನು ಬಲ ಅಂದೆ. ಸರಿಯಾ ತಪ್ಪಾ ಅಂತ ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಅಲ್ವಾ?’

ಇಲ್ಲ ಎಂದೆ. ಅವರು ಕಿಟಕಿಯ ಕಡೆ ತಿರುಗಿದರು. ಹೊರಗೆ ಅಂಗಳದಲ್ಲಿ ನನ್ನ ಕಾರು ನಿಂತಿತ್ತು. ಅದರ ಮುಂದಿನ ಚಕ್ರಗಳನ್ನು ಅವರು ಬಹಳ ಹೊತ್ತು ನೋಡಿದರು. ಮಗಳು ಬಂದು ಲೋಟ ತೆಗೆದುಕೊಂಡು ಹೋದರು. ಕತ್ತಲಾಗುವ ಮೊದಲು ಹೊರಡಿ ಮಾಷ್ಟ್ರೆ, ತಿರುವು ಜಾಸ್ತಿ ಉಂಟು ಎಂದರು ಅವರು, ಕಿಟಕಿಯಿಂದ ಮುಖ ತಿರುಗಿಸದೆ.

ಯಾಕೆ ಅವತ್ತೇ ಹೇಳಲಿಲ್ಲ ಎಂದು ಅವರು ಕೇಳಲೇ ಇಲ್ಲ. ನನ್ನ ಬಳಿ ಉತ್ತರ ಇದ್ದದ್ದು ಅದೊಂದಕ್ಕೆ ಮಾತ್ರ.